ಕನ್ನಡ ಕಾಲ್‌ಗಳೆಲ್ಲ ತಿಲಕ್‌ಗೆ

ಬೊರಿವಲಿ
ಭಾನುವಾರ, 18 ಏಪ್ರಿಲ್ 2021

ನನ್ನ ತಿಲಕ್,

ಮನೆ ಸಿಕ್ಕಿತು, ವಡಾಲದಲ್ಲಿ ನಮ್ಮಿಬ್ಬರಿಗೇ ಅಂತ ಒಂದು ಮನೆ ಸಿಕ್ಕಿತು! ಒಂದು ರೂಮು, ಒಂದು ಕಿಚನ್, ಎರಡು ಟವೆಲ್ ಒಣಗಿಸುವಷ್ಟು ಬಾಲ್ಕನಿ. ಮಾವನ ಹೋಟೆಲಿಗೆ ತೆಂಗಿನಕಾಯಿ ಹಾಕುವವರ ತಮ್ಮನದು. ಪರೀಕ್ಷೆ ಮುಗಿಸಿ ನೀನು ಸರ್ಜನ್ ಆದ ತಿಂಗಳಿನಿಂದ ನಮಗೆ. ಅಲ್ಲಿಯವರೆಗೆ ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಅಲ್ಲಿಂದ ನಿನ್ನ ಆಸ್ಪತ್ರೆ ಎಷ್ಟು ಹತ್ತಿರ ಗೊತ್ತಾ? ಮಧ್ಯಾಹ್ನ ಊಟಕ್ಕೆ ಮನೆಗೇ ಬರಬಹುದು! ಫೋಟೊ ನೋಡಿ ನಿನ್ನಮ್ಮ, ನನ್ನ ಮಾಮಿ, "ಇದೆಂತ ಮಾರಾಯ್ತಿ, ನಮ್ಮ ಹೋಟೆಲಿನ ಸ್ಟೋರ್ ರೂಮು ಇದಕ್ಕಿಂತ ದೊಡ್ಡದುಂಟು" ಎಂದರು. ಇರಲಿ! ಸ್ಟೋರ್ ರೂಮಿನಲ್ಲಿ ಅಕ್ಕಿ ಮೂಟೆ ಇರುತ್ತದೆ, ಇಲ್ಲಿ ನೀನಿರುತ್ತೀ.

ಫೆಬ್ರವರಿಯಲ್ಲಿ ಮದುವೆಯಾಗಿ ಒಂದು ವಾರ ಜೊತೆಗಿದ್ದ ನಮ್ಮನ್ನು ಜನ ದಂಪತಿ ಎನ್ನುವುದೇ ತಮಾಷೆ. ಬೈಪಾಸ್ ಆದ ಮಾವನಿಗೆ ನಿನ್ನ ಕೋವಿಡ್ ವಾರ್ಡಿನ ಗಾಳಿ ತಾಗಬಾರದೆಂದು ನೀನು ಹಾಸ್ಟೆಲಿನಲ್ಲೇ ಉಳಿದೆ. ಲೋಕಲ್ ಟ್ರೇನು ಹತ್ತಲು ಈಗ ನಿಮ್ಮಂಥವರಿಗೆ ಮಾತ್ರ ಪರ್ಮಿಶನ್ ಎಂದು ಸರಕಾರ ನನ್ನನ್ನು ಇಲ್ಲೇ ಉಳಿಸಿತು. ಒಂದೇ ಊರಿನಲ್ಲಿ ನಾನು ಈ ತುದಿ, ನೀನು ಆ ತುದಿ.

ಆದರೆ ನಿನ್ನ ಐಡಿಯಾ ಎಷ್ಟು ರೊಮ್ಯಾಂಟಿಕ್! "ಫೋನ್ ಬೇಡ, ಪತ್ರ ಬರಿ" ಎಂದೆಯಲ್ಲ, ನನ್ನ ಕಸಿನ್‌ಗಳಿಗೆಲ್ಲ ಹೊಟ್ಟೆಕಿಚ್ಚು. ಅವರ ಗಂಡಂದಿರು ಒಂದು ಕೆಂಪು ಹಾರ್ಟ್ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಇಂಗ್ಲಿಷ್ ನಿನಗೆ ಕೇಸ್ ಪೇಪರಿನ ಭಾಷೆ, ಹಿಂದಿ ಮರಾಠಿ ವಾರ್ಡಿನದು, ತುಳುವಿನಲ್ಲಿ ಜಗಳವಾಡಬಹುದೇ ಹೊರತು ಬರೆಯಲು ಬರುವುದಿಲ್ಲ. ಉಳಿದದ್ದು ಕನ್ನಡ. "ಕನ್ನಡದಲ್ಲಿ ನನಗೆ ಯಾವ ಡ್ಯೂಟಿಯೂ ಇಲ್ಲ" ಎಂದು ನೀನು ಹೇಳಿದ್ದು ನನಗೆ ಎಷ್ಟು ಇಷ್ಟವಾಯಿತು! ಚೆಂಬೂರಿನ ನಮ್ಮ ಕನ್ನಡ ಸಂಘದ ಭಾನುವಾರದ ಕ್ಲಾಸಿನಲ್ಲಿ ನಾನು ಕಲಿತದ್ದು ಸಾರ್ಥಕವಾಯಿತು. ನಿನ್ನ ವಾರ್ಡಿನ ಆಯಾ ರುಕ್ಮಿಣಿಬಾಯಿ ನಮ್ಮ ಹೋಟೆಲಿನ ಹಿಂದಿನ ಚಾಳಿನಲ್ಲೇ ಇರುವುದೂ ನಮ್ಮ ಪುಣ್ಯ. ಟಿಫಿನ್ ಜೊತೆ ಪತ್ರವೂ ಹೋಗುತ್ತದೆ. ಡಬ್ಬಿಯಲ್ಲಿ ನೀರುದೋಸೆ ಇದೆ, ನಿನಗೆ ಮತ್ತು ನಿನ್ನ ರೂಮ್‌ಮೇಟ್‌ಗೆ.

ಅಂದಹಾಗೆ ಇನ್ನೊಂದು. ಅದೇ ಸಂಘದವರು ಕನ್ನಡಿಗರಿಗಾಗಿ ಹೆಲ್ಪ್‌ಲೈನ್ ಶುರು ಮಾಡಿದ್ದಾರೆ. ಹಾಸಿಗೆ, ಆಕ್ಸಿಜನ್, ಒಳಗಿರುವ ಪೇಶೆಂಟಿನ ಸುದ್ದಿ ಕೇಳುವುದು, ಹೀಗೆ. ನಾನು ನಿನ್ನ ಹೆಸರು, ನಂಬರು ಕೊಟ್ಟೆ! "ನಮ್ಮ ಯಜಮಾನರು ಕೋವಿಡ್ ವಾರ್ಡಿನಲ್ಲೇ ಡಾಕ್ಟರು, ಕನ್ನಡ ಬರುತ್ತದೆ" ಎಂದು ಹೇಳುವಾಗ ಎಷ್ಟು ಹೆಮ್ಮೆ ಆಯಿತು ಗೊತ್ತಾ? ಯಜಮಾನರು ಎಂಬ ಶಬ್ದವನ್ನು ಜೀವನದಲ್ಲಿ ಮೊದಲ ಸಲ ಬಳಸಿದೆ!

ನಿನ್ನವಳೇ,
ಯಕ್ಷಿತಾ

*

ಹಾಸ್ಟೆಲ್
22 ಏಪ್ರಿಲ್ 2021

ಯಕ್ಷಿತಾ,

ಮನೆ ಚೆನ್ನಾಗಿದೆ. ಬಾಲ್ಕನಿ ಇರುವುದು ಒಳ್ಳೆಯದಾಯಿತು.

ನಿನ್ನ ಪತ್ರವನ್ನು ಅಮಿತ ಮೊದಲು ಓದಿದ. ಈ ಇಡೀ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ಇನ್ನೊಬ್ಬ ಡಾಕ್ಟರು ನನ್ನ ರೂಮ್‌ಮೇಟೇ ಆಗಿರಬೇಕೆ! ಬೆಳಗಾವಿ ಜಿಲ್ಲೆಯವನು, ನನ್ನಂತೆಯೇ ಸರ್ಜರಿ, ಮೂರನೇ ವರ್ಷ. ಮಂಚದ ಮೇಲೆ ನಿಂತು ಭಾಷಣದ ಹಾಗೆ ಓದಿದ. "ಏನ್ರೀ ಯಜಮಾನ್ರ, ನಿಮ್ಮ ಹೇಣ್ತಿ ಒಂದೊಂದ ಸಾಲಿಗೂ ಒಂದೊಂದ ಪಟಾಕಿ ಹಚ್ಯಾರಲ್ರೀ" ಎಂದ. ಈಗ ನನ್ನನ್ನು ಕರೆಯುವುದೇ ಯಜಮಾನ್ರ ಎಂದು. ನೀರುದೋಸೆ ಎಲ್ಲ ಅವನೇ ತಿಂದ.

ಆಪರೇಷನ್ ಮಾಡುತ್ತಿದ್ದೀಯಾ ಎಂದು ಅಪ್ಪ ಕೇಳಿದರು ಎಂದು ರುಕ್ಮಿಣಿಬಾಯಿ ಹೇಳಿದರು. ನಮ್ಮಲ್ಲಿ ಮೊದಲ ವರ್ಷ ಗಾಯ ತೊಳೆಯುವುದು, ಎರಡನೇ ವರ್ಷ ಸೀನಿಯರ್ ಪಕ್ಕ ನಿಂತು ಹಿಡಿದುಕೊಡುವುದು. ಮೂರನೇ ವರ್ಷ ಕತ್ತಿ ನಮ್ಮ ಕೈಗೆ ಬರುತ್ತದೆ, ದೊಡ್ಡವರು ಪಕ್ಕದಲ್ಲಿ ನಿಲ್ಲುತ್ತಾರೆ. ಸರ್ಜನ್ ಆಗುವುದು ಆ ವರ್ಷದಲ್ಲಿ. ನಮ್ಮ ಬ್ಯಾಚಿಗೆ ಆ ವರ್ಷ ಹೀಗೆ ಬಂತು. ಆಪರೇಷನ್ ಥಿಯೇಟರಿನ ಟೇಬಲ್ ತೆಗೆದು ಕೋವಿಡ್ ಹಾಸಿಗೆ ಹಾಕಿದ್ದಾರೆ. ಅಮಿತನನ್ನು ಐಸಿಯುಗೆ ಹಾಕಿದ್ದಾರೆ, ನನ್ನನ್ನು ವಾರ್ಡಿಗೆ. ಅಪ್ಪನಿಗೂ ನಿಮ್ಮಪ್ಪನಿಗೂ "ಮಾಡುತ್ತಿದ್ದಾನೆ" ಎಂದೇ ಹೇಳು.

ಸಂಘದ ಕಡೆಯಿಂದ ಫೋನ್ ಬರಲು ಶುರುವಾಗಿದೆ. ಪರವಾಗಿಲ್ಲ.

ತಿಲಕ್

*

ಬೊರಿವಲಿ
26 ಏಪ್ರಿಲ್ 2021

ನನ್ನ ಯಜಮಾನ್ರ (ಅಮಿತ್ ಅವರಿಗೆ ಥ್ಯಾಂಕ್ಸ್ ಹೇಳು, ನಾನೂ ಇನ್ನು ಹೀಗೆಯೇ ಕರೆಯುತ್ತೇನೆ!),

ಥಿಯೇಟರಿಗೆ ರಜೆ ಎಂದು ಯಾಕೆ ಬೇಜಾರು? ಆಪರೇಷನ್ ಏನು, ಸೈಕಲ್ ಇದ್ದ ಹಾಗೆ, ಒಮ್ಮೆ ಹತ್ತಿದರೆ ಬಂದುಬಿಡುತ್ತದೆ. ನಿನ್ನ ಬೆರಳು ನೋಡಿದ್ದೇನೆ ನಾನು, ಮದುವೆಯ ದಿನ ನನ್ನ ಮೂಗುತಿಯ ತಿರುಪು ಯಾರಿಂದಲೂ ಆಗದ್ದನ್ನು ಸೊಯ್ಯೆಂದು ಹಾಕಿದವನು ನೀನು. ಈಗ ಪೇಶೆಂಟ್‌ಗಳ ಜೊತೆ ಮಾತಾಡು, ಸ್ವಲ್ಪ ರೆಸ್ಟ್ ತಗೋ.

ಬಿಲ್ಡಿಂಗಿನಲ್ಲಿ ನಿನ್ನದೇ ಸುದ್ದಿ! ಗ್ರೌಂಡ್ ಫ್ಲೋರಿನ ಬಸವಂತಪ್ಪ ಅಂಕಲ್, ಅದೇ ವಿಜಯಪುರದವರು, ಲಿಫ್ಟ್ ಕೆಟ್ಟಾಗಲೆಲ್ಲ ಸೊಸೈಟಿಗೆ ಕಂಪ್ಲೇಂಟ್ ಬರೆಯುವವರು, ಅವರಿಗೆ ಶನಿವಾರ ಉಸಿರು ಕಟ್ಟಿತು. ಎಲ್ಲೂ ಹಾಸಿಗೆ ಇಲ್ಲ. ನಾನೇ ಹೆಲ್ಪ್‌ಲೈನಿಗೆ ಹೇಳಿದೆ, ಹೆಲ್ಪ್‌ಲೈನಿನವರು ನಿನಗೆ ಹೇಳಿದರು, ನೀನು ಹಾಸಿಗೆ ಕೊಡಿಸಿದೆ! ಅವರ ಹೆಂಡತಿ ರುದ್ರವ್ವ ಆಂಟಿ ಮೆಟ್ಟಿಲಿನಲ್ಲಿ ನನ್ನ ಕೈ ಹಿಡಿದು, "ಎಲ್ಲಾರೂ ಕೈ ಝಾಡಿಸಿದ್ರವ್ವಾ, ನಿನ್ನ ಗಂಡ ದೇವ್ರ ಬಂದಂಗ ಬಂದ" ಎಂದರು. ನಾನು ಮಾಸ್ಕಿನೊಳಗೇ ಅತ್ತುಬಿಟ್ಟೆ.

ಮಾಮಿಗೆ ಮಾತ್ರ ಅನುಮಾನ. "ಎಲ್ಲರ ಫೋನೂ ಇವನಿಗೇ ಹೋದರೆ ಇವನು ಉಣ್ಣುವುದು ಯಾವಾಗ?" ಎಂದು ನನ್ನ ಮೇಲೆ ಸಿಡುಕಿದರು. ಮಾವ, "ಸುಮ್ಮನಿರು ಶೀಲಾ, ಹೋಟೆಲಿನವನ ಮಗನ ಹೆಸರು ಇಡೀ ಮುಂಬಯಿ ಹೇಳ್ತಾ ಉಂಟು" ಎಂದರು. ಹೊಸ ಮನೆಗೆ ಬಾಗಿಲ ಬೋರ್ಡ್ ಮಾಡಿಸಲು ಕೊಟ್ಟಿದ್ದಾರಂತೆ, ನಿನ್ನ ಹೆಸರಿನ ಮುಂದೆ ಎಂ.ಎಸ್. ಹಾಕಿಸಿ. ಇದು ಸೀಕ್ರೆಟ್, ನಾನು ಹೇಳಿಲ್ಲ!

ಯಕ್ಷಿತಾ

*

ಬೊರಿವಲಿ
9 ಮೇ 2021

ತಿಲಕ್,

ಎರಡು ವಾರದಿಂದ ನಿನ್ನ ಉತ್ತರವಿಲ್ಲ. ರುಕ್ಮಿಣಿಬಾಯಿ "ಸಾಹೇಬ್ ಬಿಝಿ ಆಹೇತ್" ಎಂದಷ್ಟೇ ಹೇಳಿ ಡಬ್ಬಿ ತಗೊಂಡು ಹೋಗುತ್ತಾರೆ. ಡಬ್ಬಿ ಖಾಲಿಯಾಗಿ ಬರುತ್ತಿದೆಯಲ್ಲ, ನನಗೆ ಅಷ್ಟು ಸಾಕು.

ಬಸವಂತಪ್ಪ ಅಂಕಲ್ ಹೋದರು ಎಂದು ನಿನಗೆ ಗೊತ್ತೇ ಇದೆ, ಹೇಳಿದವನೇ ನೀನು. ಮೊನ್ನೆ ರುದ್ರವ್ವ ಆಂಟಿಯ ಬಾಗಿಲಲ್ಲಿ ದೂರ ನಿಂತು ಮಾತಾಡಿಸಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ನೀನು ಕೇಳಬೇಕು. "ಅಂವ ಫೋನ್ ಹಚ್ಚಿ 'ಅವ್ವಾರ' ಅಂದ. ಆಮ್ಯಾಲೆ ಮತ್ತೊಮ್ಮೆ 'ಅವ್ವಾರ' ಅಂದ. ನಾನ 'ಹೋದ್ರೇನಪಾ' ಅಂತ ಕೇಳಿದೆ. 'ಹೂಂರೀ' ಅಂದ. ಫೋನ್ ಇಡಲಿಲ್ಲ ನೋಡ ಅಂವ, ನಾ ಇಡೂತನಾ ಇಡಲಿಲ್ಲ." ನಮ್ಮ ಮಾತಿನಲ್ಲಿ, ನಮ್ಮ ಹುಡುಗನ ಬಾಯಲ್ಲಿ ಕೇಳಿದ್ದೇ ಸಮಾಧಾನ ಎಂದರು. ನೋಡು! ಆಪರೇಷನ್ ಮಾಡದೆಯೂ ನೀನು ಎಷ್ಟು ಜನರ ನೋವು ಕಡಿಮೆ ಮಾಡುತ್ತಿದ್ದೀ. ನನಗೆ ನಿನ್ನ ಬಗ್ಗೆ ಎಷ್ಟು ಅಭಿಮಾನ ಎಂದರೆ ಸಂಘದವರಿಗೆ ಪುನಃ ಫೋನ್ ಮಾಡಿ, ಊರಿನ ಕಡೆಯಿಂದ ಯಾರೇ ಕೇಳಲಿ, ನಮ್ಮ ಯಜಮಾನರಿಗೆ ಕೊಡಿ, ಅವರಿಗೆ ಬೇಜಾರಿಲ್ಲ ಎಂದೆ.

ಪರೀಕ್ಷೆ ಮುಂದೆ ಹೋಯಿತಂತಲ್ಲ! ಓದಲು ಇನ್ನಷ್ಟು ಟೈಮು ಸಿಕ್ಕಿತು. ಮನೆಯ ಓನರಿಗೆ ಹೇಳಿದ್ದೇನೆ, ವಡಾಲದ ಮನೆ ಕಾಯುತ್ತದೆ.

ಯಕ್ಷಿತಾ

*

ಹಾಸ್ಟೆಲ್
16 ಮೇ 2021

ಯಕ್ಷಿತಾ,

ಉತ್ತರ ಬರೆಯಲು ಕುಳಿತಾಗಲೆಲ್ಲ ನಿದ್ದೆ ಬರುತ್ತಿತ್ತು. ಬೇರೇನಿಲ್ಲ.

ಫೋನ್ ಬೇಡ ಎಂದು ನಾನು ಹೇಳಿದ್ದು ರೊಮ್ಯಾನ್ಸಿಗಲ್ಲ ಎಂದು ನಿನಗೆ ಹೇಳಬೇಕಿತ್ತು. ವಾರ್ಡಿನೊಳಗೆ ಮನೆಯವರನ್ನು ಬಿಡುವುದಿಲ್ಲವಲ್ಲ. ಪ್ರತಿದಿನ ಅವರಿಗೆ ಫೋನ್ ಮಾಡಿ ಒಳಗಿನ ಸುದ್ದಿ ಹೇಳುವ ಕೆಲಸ ಸರ್ಜರಿಯ ಹುಡುಗರದು. ಆಪರೇಷನ್ ಇಲ್ಲದ ನಾವು ಖಾಲಿ ಇದ್ದೇವಲ್ಲ. ಆಮೇಲೆ ನನ್ನ ಮೊಬೈಲ್ ಹೊಡೆದುಕೊಂಡರೂ ಕೈ ಹಿಂದಕ್ಕೆ ಹೋಗುತ್ತದೆ. ನಿನ್ನ ದನಿಯನ್ನು ಅದರಲ್ಲಿ ಕೇಳುವುದು ಬೇಡವೆನಿಸಿತು.

ಆಗ ಹಿಂದಿ, ಮರಾಠಿ ಮಾತ್ರ ಇತ್ತು. ಈಗ ನಮ್ಮ ವಾರ್ಡ್ ನೋಡಿಕೊಳ್ಳುವ ಮೇಡಮ್ ಬೋರ್ಡಿನ ಮೇಲೆ "ಕನ್ನಡ ಕಾಲ್‌ಗಳೆಲ್ಲ ತಿಲಕ್‌ಗೆ" ಎಂದು ಬರೆಸಿದ್ದಾರೆ. ಬೇರೆ ವಾರ್ಡಿನವರೂ ಕಳಿಸುತ್ತಾರೆ. ಇಲ್ಲಿ ಕೆಲಸಕ್ಕೆ ಬಂದವರು ಒಳಗೆ, ಮನೆಯವರು ವಿಜಯಪುರದ ಇಂಡಿಯಲ್ಲೋ ಕಾರ್ಕಳದಲ್ಲೋ. ನನ್ನ ಕನ್ನಡ ಅಡುಗೆಮನೆಯ ಕನ್ನಡ, ನಿನಗೆ ಗೊತ್ತು. "ಹಾಲು ಉಕ್ಕಿತು" ಎನ್ನಲು ಬರುತ್ತದೆ. ಉಳಿದದ್ದನ್ನು ಕಲಿತೆ. ಯಾವ ಶಬ್ದ ಹೇಳಿದರೆ ಆ ಕಡೆಯವರು ಬೇಗ ಅರ್ಥಮಾಡಿಕೊಳ್ಳುತ್ತಾರೆ ಎಂಬುದನ್ನೂ ಕಲಿತೆ. "ತೀರಿಕೊಂಡರು" ಎಂದರೆ ಕೆಲವರು "ಏನು ತೀರಿತು?" ಎನ್ನುತ್ತಾರೆ. ಆಗ ಇನ್ನೊಂದು ಶಬ್ದ ಬೇಕು.

ಇರಲಿ, ಇದೆಲ್ಲ ಬರೆಯಬಾರದಿತ್ತು. ಅಮಿತ ಈಗ ನಿನ್ನ ಪತ್ರವನ್ನು ಮಂಚದ ಮೇಲೆ ನಿಂತು ಓದುವುದಿಲ್ಲ. ಬಂದವನೇ ಬೂಟು ಬಿಚ್ಚದೆ ಮಲಗುತ್ತಾನೆ. ಐಸಿಯು ಬಗ್ಗೆ ಕೇಳಿದರೆ "ನಾ ಸರ್ಜನ್ ಆಗಾಕ ಬಂದಿದ್ದೆಪಾ, ಇಲ್ಲಿ ಬರೇ ಮಷಿನ್ ಬಂದ್ ಮಾಡೋದ ಕಲ್ತೆ" ಎಂದ. ನಕ್ಕೆವು.

ನನ್ನ ಬಗ್ಗೆ ಚಿಂತೆ ಬೇಡ. ಪರವಾಗಿಲ್ಲ.

ತಿಲಕ್

*

ಬೊರಿವಲಿ
20 ಮೇ 2021

ತಿಲಕ್,

ಮೊನ್ನೆಯ ಚಂಡಮಾರುತಕ್ಕೆ ಹೋಟೆಲಿನ ಬೋರ್ಡು ಹಾರಿ ಎದುರಿನ ಮೆಡಿಕಲ್ ಸ್ಟೋರಿನ ಮೇಲೆ ಬಿತ್ತು! "ಪ್ಯೂರ್ ವೆಜ್" ಎಂದು ಈಗ ಅವರ ಬಾಗಿಲ ಮೇಲಿದೆ. ಮಾವನಿಗೆ ಅಳು, ನಮಗೆಲ್ಲ ನಗು.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಆಮೇಲೆ ಯೋಚಿಸಿದೆ: ನೀನು ಕನ್ನಡದಲ್ಲಿ ಎಷ್ಟು ಮುಂದೆ ಹೋಗಿದ್ದೀ! ಮಾತಾಡಿ ಮಾತಾಡಿ ನಿನಗೆ ಎದೆ ಗಟ್ಟಿಯಾಗುತ್ತದೆ. ಡಾಕ್ಟರಿಗೆ ಅದೂ ಬೇಕಲ್ಲ? ಪಾಸಿಟಿವ್ ಆಗಿರು. (ಆ ಪಾಸಿಟಿವ್ ಅಲ್ಲ!!)

ರುದ್ರವ್ವ ಆಂಟಿ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಕುಟ್ಟಿ ಕೊಟ್ಟಿದ್ದಾರೆ. ಗಂಡ ಹೋಗಿ ತಿಂಗಳಾಗಿಲ್ಲ, ನಿನಗಾಗಿ ಕುಟ್ಟಿದರು. ಅರ್ಧ ಅಮಿತ್ ಅವರಿಗೆ, ಅವರ ಕಡೆಯದೇ ರುಚಿ. ಬೂಟು ಬಿಚ್ಚಿ ಮಲಗಲು ಹೇಳು.

ಯಕ್ಷಿತಾ

*

ಹಾಸ್ಟೆಲ್
21 ಜೂನ್ 2021

ಯಕ್ಷಿತಾ,

ಅಮಿತ ಊರಿಗೆ ಹೋದ. ಇನ್ನು ಡಬ್ಬಿ ಒಬ್ಬನಿಗೆ ಸಾಕು.

ಹೊಸ ಬ್ಯಾಚ್ ಇನ್ನೂ ಬಂದಿಲ್ಲ, ಆದ್ದರಿಂದ ಅವರ ಕೆಲಸವೂ ನಮ್ಮದೇ. ಮುಂದಿನ ತಿಂಗಳು ಥಿಯೇಟರ್ ತೆರೆಯುತ್ತಾರಂತೆ.

ತಿಲಕ್

*

ಬೊರಿವಲಿ
25 ಜೂನ್ 2021

ತಿಲಕ್!

ಥಿಯೇಟರ್ ತೆರೆಯುತ್ತದೆ! ಇಷ್ಟು ದೊಡ್ಡ ಸುದ್ದಿಯನ್ನು ಒಂದು ಸಾಲಿನಲ್ಲಿ ಬರೆಯುತ್ತಾರಾ ಯಾರಾದರೂ? ಮಾವ ಹೋಟೆಲಿನಲ್ಲಿ ಎಲ್ಲರಿಗೂ ಶೀರಾ ಹಂಚಿದರು.

ಅಮಿತ್ ಅವರು ಜಾಣರು, ಪರೀಕ್ಷೆಗೆ ಮೊದಲು ಊರಿಗೆ ಹೋಗಿ ಅಮ್ಮನ ಕೈಯಡುಗೆ ತಿಂದು ಬರುತ್ತಾರೆ. ನೀನೂ ರಜೆ ಕೇಳಬಾರದಾ? ಅಥವಾ ರೂಮು ಪೂರ್ತಿ ನಿನ್ನದೇ ಆಯಿತು ಎಂದು ಖುಷಿಯಲ್ಲಿದ್ದೀಯಾ? ಗೊರಕೆ ಇಲ್ಲದೆ ಮಲಗು. ಬರುವಾಗ ಬೆಳಗಾವಿಯ ಕುಂದಾ ತರಬೇಕಂತೆ ಎಂದು ಅವರಿಗೆ ಮೆಸೇಜ್ ಮಾಡು, ಮಾಮಿಯ ಆರ್ಡರ್.

ನನ್ನ ಎರಡನೇ ಡೋಸು ಮುಂದಿನ ತಿಂಗಳು. ಆಮೇಲೆ ನನ್ನನ್ನು ತಡೆಯುವವರು ಯಾರು?

ಯಕ್ಷಿತಾ

*

ಬೊರಿವಲಿ
24 ಜುಲೈ 2021

ತಿಲಕ್,

ನನಗೆ ಸಿಟ್ಟಿಲ್ಲ, ಮೊದಲೇ ಹೇಳುತ್ತೇನೆ. ತಿಂಗಳಿಂದ ನಿನ್ನ ಒಂದು ಅಕ್ಷರವಿಲ್ಲ, ಅದಕ್ಕೆ ಸರ್‌ಪ್ರೈಸ್ ಕೊಡೋಣ ಎಂದು ನಿನ್ನೆ ಬಸ್ಸು ಹಿಡಿದು ಬಂದೆ. ಮಾಮಿಗೆ ಚೆಂಬೂರಿಗೆ ಅಮ್ಮನನ್ನು ನೋಡಲು ಎಂದು ಸುಳ್ಳು ಹೇಳಿದೆ. ಮಳೆ, ಟ್ರಾಫಿಕ್ಕು, ಎರಡು ಬಸ್ಸು ಬದಲಿಸಿ ಹಾಸ್ಟೆಲ್ ಗೇಟಿಗೆ ಬರುವಾಗ ನನ್ನ ಸೀರೆ ಮೊಣಕಾಲಿನವರೆಗೆ ಒದ್ದೆ. ಹೌದು, ಸೀರೆ ಉಟ್ಟಿದ್ದೆ!

ವಾಚ್‌ಮನ್ ಒಳಗೆ ಬಿಡಲಿಲ್ಲ. "ಮೇರೇ ಹಸ್ಬೆಂಡ್ ಸರ್ಜನ್ ಹೈ" ಎಂದೆ. "ಮೇಡಮ್, ಯಹಾಂ ಸಬ್ ಕೇ ಹಸ್ಬೆಂಡ್ ಸರ್ಜನ್ ಹೈ, ಆಪ್ ಛಾತೇ ಕೇ ನೀಚೇ ಖಡೇ ರಹೋ" ಎಂದು ತನ್ನ ಕೊಡೆಯ ಕೆಳಗೆ ನಿಲ್ಲಿಸಿದ. ಪಾಪ, ತನ್ನ ಕುರ್ಚಿಯನ್ನೇ ಕೊಟ್ಟ. ಆಮೇಲೆ ಅವನಿಗೊಂದು ಫೋನ್ ಬಂತು, ಮಾತಾಡಿ ನನಗೆ ಹೇಳಿದ: ಡಾಕ್ಟರ್ ಸಾಹೇಬರು ಓಟಿಯಲ್ಲಿದ್ದಾರೆ, ಹೊರಗೆ ಬರುವುದು ಯಾವಾಗ ಎಂದು ಗೊತ್ತಿಲ್ಲ.

ಓಟಿ! ನನ್ನ ಆಯಾಸವೆಲ್ಲ ಹೋಯಿತು. ನೀನು ಮಾಸ್ಕು ಕಟ್ಟಿ, ದೀಪದ ಕೆಳಗೆ ನಿಂತು, ಯಾರದೋ ಜೀವ ಕೈಯಲ್ಲಿ ಹಿಡಿದಿರುವಾಗ ನಾನು ಬಂದಿದ್ದೇನೆ ಎಂದು ಕರೆಯಲಿಕ್ಕಾಗುತ್ತದಾ? ಸಂಜೆಯವರೆಗೆ ಕಾದೆ. ನಿನಗೆಂದು ಮಾಡಿ ತಂದ ಪತ್ರೊಡೆಯನ್ನು ವಾಚ್‌ಮನ್ ಕೈಗೆ ಕೊಟ್ಟು ಬಂದೆ. ಬಸ್ಸಿನಲ್ಲಿ ಪಕ್ಕದ ಹೆಂಗಸಿಗೂ ಹೇಳಿದೆ, ಗಂಡ ಆಪರೇಷನ್ ಮಾಡುತ್ತಿದ್ದಾರೆ ಎಂದು. ಅವಳಿಗೆ ತನ್ನ ಗಾಲ್‌ಬ್ಲ್ಯಾಡರಿನ ಕಲ್ಲು ನಿನ್ನಿಂದಲೇ ತೆಗೆಸಬೇಕಂತೆ!

ಒಂದೇ ಸಾಲು ಬರಿ. ಎಷ್ಟು ಹೊತ್ತಿನ ಆಪರೇಷನ್ ಅದು?

ಯಕ್ಷಿತಾ

*

ಹಾಸ್ಟೆಲ್
12 ಆಗಸ್ಟ್ 2021

ಯಕ್ಷಿತಾ,

ನೀನು ಬಂದ ದಿನ ನಾನು ಥಿಯೇಟರಿನಲ್ಲಿ ಇರಲಿಲ್ಲ. ರೂಮಿನಲ್ಲಿದ್ದೆ. ಕಿಟಕಿಯಿಂದ ನೀನು ಕಾಣುತ್ತಿದ್ದೆ. ವಾಚ್‌ಮನ್‌ಗೆ ಫೋನ್ ಮಾಡಿ ಹಾಗೆ ಹೇಳಿಸಿದವನು ನಾನೇ. ನೀನು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೆ. ಕೆಳಗೆ ಬರಲು ನನ್ನಿಂದ ಆಗಲಿಲ್ಲ.

ಥಿಯೇಟರ್ ತೆರೆದ ಮೇಲೆ ಒಳಗೆ ಹೋದದ್ದು ಒಂದೇ ಸಲ, ನೀನು ಬರುವ ಮೊದಲು. ಹರ್ನಿಯಾ. ಮೂರನೇ ವರ್ಷ ಮುಗಿಯುತ್ತಿರುವವನು ಹಾಡಿಕೊಂಡು ಮಾಡಬೇಕಾದದ್ದು. ಸರ್ "ಚಲ್ ತಿಲಕ್, ಆಜ್ ತೂ ಕರ್" ಎಂದು ಕತ್ತಿ ಕೊಟ್ಟರು. ಚರ್ಮದ ಕೆಳಗೆ ಏನೇನಿದೆ ಎಂದು ನನ್ನ ತಲೆಗೆ ಗೊತ್ತಿತ್ತು, ಬೆರಳಿಗೆ ಗೊತ್ತಿರಲಿಲ್ಲ. ಕರುಳಿಗೆ ತಾಗಿತು. ಸರ್ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಹೊಲಿದರು. ಬೈಯಲಿಲ್ಲ. "ತೇರೀ ಗಲ್ತೀ ನಹೀ ಬೇಟಾ, ತೂನೇ ಸೀಖಾ ಹೀ ಕಬ್?" ಎಂದರು. ತಪ್ಪು ನಿನ್ನದಲ್ಲ, ನೀನು ಕಲಿತದ್ದಾದರೂ ಯಾವಾಗ ಎಂದು. ಆ ಮನುಷ್ಯ ವಡಾಪಾವ್ ಗಾಡಿಯವನು, ಎರಡು ದಿನದಲ್ಲಿ ಮನೆಗೆ ಹೋಗಬೇಕಾದವನು ವಾರಗಟ್ಟಲೆ ವಾರ್ಡಿನಲ್ಲಿ ಮಲಗಿದ. ನನ್ನನ್ನು ಕಂಡಾಗಲೆಲ್ಲ ಕೈ ಮುಗಿಯುತ್ತಿದ್ದ.

ಪರೀಕ್ಷೆಯ ಫಾರ್ಮ್ ನಾನು ತುಂಬಿಲ್ಲ. ಈ ಸಲ ಯಾರನ್ನೂ ಫೇಲ್ ಮಾಡುವುದಿಲ್ಲ ಎಂದು ಹುಡುಗರು ಸಮಾಧಾನ ಹೇಳುತ್ತಾರೆ. ನನಗೆ ಹೆದರಿಕೆ ಅದಕ್ಕೇ. ಪಾಸಾದರೆ ಯಾವುದೋ ಊರಿನಲ್ಲಿ ಯಾರದೋ ಹೊಟ್ಟೆಯ ಮುಂದೆ ನಾನೊಬ್ಬನೇ ನಿಂತಿರುತ್ತೇನೆ, ಪಕ್ಕಕ್ಕೆ ಸರಿಸಲು ಯಾರೂ ಇರುವುದಿಲ್ಲ.

ಅಮಿತ ಊರಿಗೆ ಹೋಗಲಿಲ್ಲ. ಜೂನ್‌ನಲ್ಲಿ, ನಾನು ಡ್ಯೂಟಿಯಲ್ಲಿದ್ದಾಗ, ಈ ರೂಮಿನಲ್ಲಿ ಅವನು ತನ್ನ ಜೀವ ತಾನೇ ತೆಗೆದುಕೊಂಡ. ಹಿಂದಿನ ದಿನ ನನ್ನ ಜೊತೆ ಊಟ ಮಾಡಿದ್ದ, ಹಿಂಡಿಗೆ ಖಾರ ಕಮ್ಮಿ ಎಂದಿದ್ದ. ನನಗೆ ಏನೂ ಗೊತ್ತಾಗಲಿಲ್ಲ. ಇಬ್ಬರೂ ಡಾಕ್ಟರುಗಳು, ಒಂದೇ ರೂಮು.

ಅವನ ಅಪ್ಪ ಬೈಲಹೊಂಗಲ ಕಡೆಯ ಹಳ್ಳಿಯವರು, ಕನ್ನಡ ಬಿಟ್ಟು ಬೇರೆ ಬರದು. ಯಾರು ಹೇಳಬೇಕು ಎಂಬ ಮಾತು ಬಂದಾಗ ಮೇಡಮ್ ನನ್ನ ಕಡೆ ನೋಡಿದರು. ಪಾಪ, ಅವರಿಗೂ ಬೇರೆ ದಾರಿ ಇರಲಿಲ್ಲ, ಆಸ್ಪತ್ರೆಯಲ್ಲಿ ಕನ್ನಡ ಬರುವವರು ನಾವಿಬ್ಬರೇ ಇದ್ದೆವು. ಫೋನಿನಲ್ಲಿ ನನ್ನ ಹೆಸರು ಕೇಳಿದ್ದೇ ಅವರು, "ಯಾರು, ಯಜಮಾನ್ರೇನ್ರೀ? ನಮ್ಮ ಹುಡುಗ ನಿಮ್ಮ ಸುದ್ದಿ ಭಾಳ ಹೇಳ್ತಾನ" ಎಂದು ನಕ್ಕರು. ನಾನು ಹೇಳಿದೆ. ಎಲ್ಲರಿಗೂ ಹೇಳುವ ವಾಕ್ಯವೇ, ಅದೇ ದನಿ. ಒಮ್ಮೆಯೂ ತಡವರಿಸಲಿಲ್ಲ. ಮೂರು ವರ್ಷದಲ್ಲಿ ನಾನು ಪಳಗಿದ ಕೆಲಸ ಅದೊಂದೇ ಎಂದು ಆಗ ಗೊತ್ತಾಯಿತು.

ಈಗ ಈ ಕಾಗದ ಬರೆಯುವಾಗಲೂ ಮೊದಲು ಬರುವುದು ಆ ವಾಕ್ಯಗಳೇ. ನಿನಗೆ ಅಂತ ಇಟ್ಟುಕೊಂಡದ್ದು ಖಾಲಿಯಾಗಿದೆ. ವಡಾಲದ ಮನೆಯನ್ನು ಬೇರೆಯವರಿಗೆ ಕೊಡಲು ಹೇಳು. ಇನ್ನು ಬರೆಯಲಾರೆ. ಮನೆಯಲ್ಲಿ ಹೇಳಬೇಡ. ನಿನ್ನ ಮೇಲೆ ಬೇಸರವಿಲ್ಲ, ಪರವಾಗಿಲ್ಲ.

ತಿಲಕ್

*

ಬೊರಿವಲಿ
ಶನಿವಾರ, 14 ಆಗಸ್ಟ್ 2021, ಸಂಜೆ

ತಿಲಕ್,

ನಿನ್ನ ಪತ್ರ ಇವತ್ತು ಮಧ್ಯಾಹ್ನ ಸಿಕ್ಕಿತು. ರುಕ್ಮಿಣಿಬಾಯಿಗೆ ಎರಡು ದಿನ ರಜೆ ಇತ್ತು, ಅವರ ಚೀಲದಲ್ಲೇ ಉಳಿದಿತ್ತು.

ಮನೆಯಲ್ಲಿ ಹೇಳಬೇಡ ಎಂದು ನೀನು ಬರೆದಿದ್ದೆ. ಹೇಳಿದೆ. ಮಾವ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬಂದರು. "ಒಂದು ಪರೀಕ್ಷೆ ಅಲ್ಲವಾ? ಕೂತು ಬರೆಯಲಿ. ಪಾಸು ಮಾಡ್ತಾರೆ ಅಂತ ಅವನೇ ಹೇಳ್ತಾನೆ, ಮತ್ತೆ ಎಂತ ಕಷ್ಟ?" ಎಂದರು. ನಾನು ವಿವರಿಸಲು ನೋಡಿದೆ. "ಯಾರಿಗೂ ಹೇಳುವುದು ಬೇಡ" ಎಂದು ವಾಪಸು ಹೋಗಿ ಕೂತರು. ಅವರಿಗೆ ಅರ್ಥವಾಗುವುದಿಲ್ಲ. ಮಾಮಿ ಮಾತ್ರ, "ಆ ಹುಡುಗನಿಗೆ ತಾಯಿ ಉಂಟಾ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಮ್ಮನ ಕೈಯಡುಗೆ ಎಂದು ಬರೆದಿದ್ದೆ, ಅಮ್ಮ ಇದ್ದಾರೋ ಎಂದು ಕೇಳಿರಲಿಲ್ಲ. ಆಮೇಲೆ ಮಾಮಿ, "ಅದೇ ರೂಮಿನಲ್ಲಿ ಇವನು ಒಬ್ಬನೇ ಇದ್ದಾನಾ ಈಗ?" ಎಂದರು, ಒಲೆ ಆರಿಸಿ ಕೂತುಬಿಟ್ಟರು.

ಸಂಘಕ್ಕೆ ಫೋನ್ ಮಾಡಿ ನಿನ್ನ ಹೆಸರು ತೆಗೆಯಿರಿ ಎಂದೆ. ಹೆಲ್ಪ್‌ಲೈನ್ ನಿಲ್ಲಿಸಿಯೇ ಬಹಳ ದಿನವಾಯಿತಂತೆ. "ನಿಮ್ಮ ಯಜಮಾನರಿಗೆ ಶಾಲು ಹೊದಿಸಿ ಸನ್ಮಾನ ಮಾಡುವ ಅಂತ ಕಮಿಟಿಯಲ್ಲಿ ಆಗಿದೆ" ಎಂದರು. ಬೇಡ ಎಂದೆ. ಯಾಕೆ ಎಂದು ಕೇಳಿದರು. ಫೋನ್ ಇಟ್ಟೆ.

ಹೆಸರು ಕೊಟ್ಟವಳು ನಾನು. ಇನ್ನೂ ಕಳಿಸಿ ಎಂದವಳೂ ನಾನೇ. ಕ್ಷಮಿಸು ಎಂದು ಬರೆದರೆ ನೀನು ಪರವಾಗಿಲ್ಲ ಎನ್ನುತ್ತೀ. ಅದಕ್ಕೇ ಬರೆಯುವುದಿಲ್ಲ.

ನಿನ್ನ ಫೋನ್ ಆಫ್ ಇದೆ. ಹಾಸ್ಟೆಲಿನ ಆಫೀಸಿಗೆ ಮಾಡಿದೆ. ಪಕ್ಕದ ರೂಮಿನವರು ಬಾಗಿಲು ತಟ್ಟಿದರಂತೆ, ನೀನು ತೆರೆಯದೆ ಒಳಗಿಂದ "ಇದ್ದೇನೆ" ಎಂದೆಯಂತೆ. ಆ ಒಂದು ಶಬ್ದವನ್ನು ಹಿಡಿದುಕೊಂಡು ಕೂತಿದ್ದೇನೆ. ಈಗಲೇ ಹೊರಟುಬಿಡುತ್ತಿದ್ದೆ, ರಾತ್ರಿ ಹೊರಗಿನವರಿಗೆ ಗೇಟು ತೆರೆಯುವುದಿಲ್ಲವಂತೆ, ಎಷ್ಟು ಬೇಡಿಕೊಂಡರೂ ಬೆಳಿಗ್ಗೆಯೇ ಎಂದರು. ಪಕ್ಕದ ರೂಮಿನವರು ಇವತ್ತು ನಿನ್ನ ರೂಮಿನಲ್ಲೇ ಮಲಗುತ್ತೇವೆ ಎಂದು ಒಪ್ಪಿದ್ದಾರೆ. ಬಾಗಿಲು ತೆರೆ. ರುಕ್ಮಿಣಿಬಾಯಿಯ ನೈಟ್ ಡ್ಯೂಟಿ, ಈ ಪತ್ರ ಅವರ ಕೈಯಲ್ಲಿ. ನಡುನಡುವೆ ಬಂದು ತಟ್ಟುತ್ತಾರೆ. ಉತ್ತರ ಕೊಡು, ಯಾವ ಭಾಷೆಯಲ್ಲಾದರೂ.

ನೀನು ಸರ್ಜನ್ ಆಗುತ್ತೀ ಎಂದು ನಾನು ಇನ್ನು ಹೇಳುವುದಿಲ್ಲ. ಎಲ್ಲ ಸರಿಹೋಗುತ್ತದೆ ಎಂದೂ ಹೇಳುವುದಿಲ್ಲ, ಹೋಗುತ್ತದೆ ಎಂದು ನನಗೆ ಅನಿಸುತ್ತಿಲ್ಲ. ನನ್ನ ಹತ್ತಿರ ಕೊಡಲು ಏನೂ ಇಲ್ಲ. ಆ ರೂಮಿನಿಂದ ನಿನ್ನನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು ಎಂದೂ ಯೋಚಿಸಿಲ್ಲ. ನೀನು ಮಾತಾಡಬೇಕಾಗಿಲ್ಲ, ಕೆಳಗೆ ಇಳಿದು ಬರಬೇಕಾಗಿಯೂ ಇಲ್ಲ. ನಾನೇ ಮೇಲೆ ಬರುತ್ತೇನೆ, ಈ ಸಲ ವಾಚ್‌ಮನ್ ಏನು ಹೇಳಿದರೂ.

ಎರಡು ಡೋಸ್ ಆದವರಿಗೆ ನಾಳೆಯಿಂದ ಲೋಕಲ್ ಬಿಡುತ್ತಾರೆ. ಪಾಸು ಮಾಡಿಸಿದ್ದೇನೆ. ಭಾನುವಾರ, ಆಗಸ್ಟ್ ಹದಿನೈದು, ಬೊರಿವಲಿಯಿಂದ ಬೆಳಿಗ್ಗೆ ಐದು ಇಪ್ಪತ್ತರ ಚರ್ಚ್‌ಗೇಟ್ ಸ್ಲೋ ಟ್ರೇನು.